ಎಲ್ಲಿ ಇರಿಸುವುದು ಎಂದು ಕೇಳುವ ಮೊದಲು: ಹೊಸನಗರ ತಾಲ್ಲೂಕಿನ ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಶ್ರೀಪಾದ ಎಂದು ಕರೆದಿರುವವರಿಗೆ ಅವರ ಮುಂದಿನ ಬದುಕಿನ ಯೋಜನೆ ರೂಪಿಸುವ ಕೆಲಸ ಆರಂಭವಾದಾಗ 38 ವರ್ಷ. ಅವರ ಹೆಸರನ್ನೂ ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಹುಟ್ಟಿನಿಂದಲೇ ಇರುವ, ಬೌದ್ಧಿಕ ವಿಕಲತೆಗೆ ಕಾರಣವಾಗುವ ಡೌನ್ ಸಿಂಡ್ರೋಮ್ ಇರುವ ಅವರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಎರಡು ಎಕರೆ ಅಡಿಕೆ ತೋಟವಿರುವ ಮನೆಯಲ್ಲಿ, 71 ವರ್ಷದ ತಾಯಿಯೊಂದಿಗೆ ಇದ್ದರು. ತಂದೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಣ್ಣ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ, ಅಕ್ಕನನ್ನು ಸಾಗರಕ್ಕೆ ಕೊಟ್ಟಿದೆ. ಪಕ್ಕದ ಮನೆಯಲ್ಲಿರುವ ಚಿಕ್ಕಪ್ಪನ ಮಗ ಈ ಮನೆಯ ತೋಟವನ್ನೂ ತಮ್ಮ ತೋಟದ ಜೊತೆಗೇ ನೋಡಿಕೊಳ್ಳುತ್ತಿದ್ದರು.

ಆಷಾಢದ ಮಳೆಯಲ್ಲಿ ತಾಯಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಅದುವರೆಗೆ ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆ ಎದುರಿಗೆ ಬಂದು ನಿಂತಿತು. "ಅಮ್ಮನ ಕಾಲ ಆದಮೇಲೆ ಇವನನ್ನು ಎಲ್ಲಿ ಇಡೋದು?" ಎಂದು ಅಣ್ಣ ಕೇಳಿದರು. ಶಸ್ತ್ರಚಿಕಿತ್ಸೆಯ ಅವಧಿಗೆಂದು ಶ್ರೀಪಾದ ಅವರನ್ನು ವಿಕಲಚೇತನರಿಗಾಗಿ ಇರುವ ಜಿಲ್ಲೆಯ ಒಂದು ವಸತಿ ಕೇಂದ್ರಕ್ಕೆ ಸೇರಿಸಿದರು, ಒಗ್ಗಿದರೆ ಅಲ್ಲೇ ಮುಂದುವರಿಸುವ ಆಲೋಚನೆಯೂ ಇತ್ತು. ಕೆಲವು ವಾರಗಳಲ್ಲಿ ಅವರ ಊಟ ಕಡಿಮೆಯಾಯಿತು, ಮಾತು ನಿಂತಿತು, ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತಿದ್ದರು, ಎದ್ದಾಗ ಒಬ್ಬರೇ ಗೊಣಗಿಕೊಳ್ಳುತ್ತಿದ್ದರು. ಅಕ್ಕ ಹೋಗಿ ಕರೆತಂದರು. ಮನೆಗೆ ಬಂದ ಮೇಲೂ ಪೂರ್ತಿ ಸರಿಹೋಗಲಿಲ್ಲ. ಕುಟುಂಬದಲ್ಲಿ ಎರಡು ಪಕ್ಷವಾಯಿತು. ಮಗನನ್ನು ಇನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು ತಾಯಿ ಹಟ ಹಿಡಿದರೆ, ಈಗಲೇ ಒಂದು ವ್ಯವಸ್ಥೆ ಆಗದಿದ್ದರೆ ಮುಂದೆ ದಿಢೀರನೆ ಆಗುತ್ತದೆ, ಅದು ಇನ್ನೂ ಕೆಟ್ಟದು ಎಂದು ಅಣ್ಣ ವಾದಿಸಿದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆಯ ಮೂಲಕ ಈ ಕುಟುಂಬ, ಬೌದ್ಧಿಕ ವಿಕಲತೆಯಿರುವವರೊಂದಿಗೆ ಕೆಲಸ ಮಾಡುವ ನನ್ನನ್ನು ಸಂಪರ್ಕಿಸಿದ್ದು ಆ ಹಂತದಲ್ಲಿ.

ಇಲ್ಲಿ ನಾವು ಬಳಸಿದ್ದು ವ್ಯಕ್ತಿಕೇಂದ್ರಿತ ಬದುಕಿನ ಯೋಜನೆ, ಅಂದರೆ ವ್ಯಕ್ತಿಯನ್ನೇ ನಡುವೆ ಇರಿಸಿಕೊಂಡು ಅವರ ಮುಂದಿನ ಬದುಕನ್ನು ಹತ್ತಿರದವರೆಲ್ಲ ಕೂಡಿ ರೂಪಿಸುವ ಕ್ರಮ. ಅದು ರೂಪುಗೊಂಡದ್ದು 1980ರ ದಶಕದ ಆಸುಪಾಸಿನಲ್ಲಿ, ಉತ್ತರ ಅಮೆರಿಕದಲ್ಲಿ. ದೊಡ್ಡ ವಸತಿ ಸಂಸ್ಥೆಗಳಿಂದ ಬೌದ್ಧಿಕ ವಿಕಲತೆಯಿರುವವರು ಹೊರಬಂದು ಊರಿನ ನಡುವೆ ಬದುಕತೊಡಗಿದಾಗ ಜಾನ್ ಓಬ್ರಿಯನ್, ಬೆತ್ ಮೌಂಟ್, ಮಾರ್ಷಾ ಫಾರೆಸ್ಟ್, ಜ್ಯಾಕ್ ಪಿಯರ್‌ಪಾಯಿಂಟ್ ಮೊದಲಾದವರು ಇದನ್ನು ಬೆಳೆಸಿದರು. ಮೈಕೆಲ್ ಸ್ಮಲ್ ಅವರು ಇದಕ್ಕೆ ಕೊಟ್ಟ ಒಂದು ವಿಂಗಡಣೆ ನಮ್ಮ ಕೆಲಸಕ್ಕೆ ಬಹಳ ಒದಗುತ್ತದೆ: ಆ ವ್ಯಕ್ತಿಗೆ ತಾನಾಗಿ ಮುಖ್ಯವೆನಿಸುವುದು ಯಾವುದು, ಅವರ ಆರೋಗ್ಯ ಮತ್ತು ಸುರಕ್ಷತೆಯ ದೃಷ್ಟಿಯಿಂದ ಬೇಕಾದದ್ದು ಯಾವುದು. ನಮ್ಮ ಮನೆಗಳಲ್ಲಾಗಲಿ ಕಚೇರಿಗಳಲ್ಲಾಗಲಿ ಎರಡನೆಯದನ್ನು ಎಲ್ಲರೂ ಕೇಳುತ್ತಾರೆ. ಮೊದಲನೆಯದನ್ನು ಕೇಳುವವರು ಕಡಿಮೆ. ಕೇಳಿದರೂ ತಾಯಿಯನ್ನೋ ಅಣ್ಣನನ್ನೋ ಕೇಳುತ್ತೇವೆಯೇ ಹೊರತು ಅವರನ್ನೇ ಕೇಳುವುದಿಲ್ಲ.

ಯೋಜನೆಗೆ ಕೂರುವ ಮೊದಲು ವೈದ್ಯರನ್ನು ಕಾಣಬೇಕೆಂದು ನಾನು ಒತ್ತಾಯಿಸಿದೆ. ಶ್ರೀಪಾದ ಅವರ ಮಂಕುತನವನ್ನು ಅಣ್ಣ ಹಟವೆಂದೂ ತಾಯಿ ವಸತಿ ಕೇಂದ್ರದಲ್ಲಿ ಆದ ಆಘಾತವೆಂದೂ ತಿಳಿದಿದ್ದರು. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಗ್ರಂಥಿ ಕುಂಠಿತವಾಗುವುದು ಸಾಮಾನ್ಯ. ಕಿವಿಯ ನಾಳ ಕಿರಿದಾಗಿರುವುದರಿಂದ ಗುಗ್ಗೆ ಗಟ್ಟಿಯಾಗಿ ಕಟ್ಟಿಕೊಂಡು ಕೇಳಿಸುವುದು ಕಡಿಮೆಯಾಗುವುದೂ ಸಾಮಾನ್ಯ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕೊರತೆ ಕಂಡಿತು. ಎರಡೂ ಕಿವಿಗಳನ್ನು ಶುಚಿಗೊಳಿಸಿದ ಮೇಲೆ ಕರೆದರೆ ತಿರುಗಿ ನೋಡತೊಡಗಿದರು. ಒಬ್ಬರೇ ಮಾತಾಡಿಕೊಳ್ಳುವುದು ಡೌನ್ ಸಿಂಡ್ರೋಮ್ ಇರುವ ಎಷ್ಟೋ ವಯಸ್ಕರು ದಿನದ ಘಟನೆಗಳನ್ನು ಜೋಡಿಸಿಕೊಳ್ಳುವ ರೀತಿಯಾದ್ದರಿಂದ, ಅದೊಂದನ್ನೇ ಹಿಡಿದು ಮಾನಸಿಕ ಕಾಯಿಲೆ ಎನ್ನಲಾಗದು ಎಂದು ವೈದ್ಯರು ವಿವರಿಸಿದರು. ವಸತಿ ಕೇಂದ್ರದವರನ್ನು ಮಾತ್ರ ದೂರುತ್ತಿದ್ದ ತಾಯಿಗೂ, ತಮ್ಮನನ್ನು ದೂರುತ್ತಿದ್ದ ಅಣ್ಣನಿಗೂ ಈ ವರದಿ ಒಂದೇ ಪಾಠ ಹೇಳಿತು. ವರ್ತನೆಯಲ್ಲಿ ದಿಢೀರ್ ಬದಲಾವಣೆ ಕಂಡಾಗಲೆಲ್ಲ ಅದನ್ನು ವಿಕಲತೆಯ ಲೆಕ್ಕಕ್ಕೆ ಬರೆದುಬಿಡುವುದು ನಮ್ಮ ಕ್ಷೇತ್ರದಲ್ಲಿ ಬಹಳ ಹಾನಿ ಮಾಡಿರುವ ಅಭ್ಯಾಸ.

ಅವರನ್ನೇ ಕೇಳುವ ಕ್ರಮ

ಶ್ರೀಪಾದ ಅವರು ಸಣ್ಣ ಸಣ್ಣ ವಾಕ್ಯಗಳಲ್ಲಿ ಮಾತಾಡುತ್ತಾರೆ. ಪರಿಚಯವಿಲ್ಲದವರು ಏನು ಕೇಳಿದರೂ "ಹ್ಞೂಂ" ಎನ್ನುತ್ತಾರೆ. ವಸತಿ ಕೇಂದ್ರಕ್ಕೆ ಸೇರಿಸುವ ಮೊದಲು ಅಣ್ಣ "ಅಲ್ಲಿ ಇರ್ತೀಯಾ?" ಎಂದು ಕೇಳಿದ್ದರು, ಇವರು "ಹ್ಞೂಂ" ಎಂದಿದ್ದರು. ಆ ಒಪ್ಪಿಗೆಯ ಆಧಾರದ ಮೇಲೆಯೇ ಅವರನ್ನು ಕರೆದೊಯ್ದದ್ದು. ಹೌದು-ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗಳಿಗೆ ಬೌದ್ಧಿಕ ವಿಕಲತೆಯಿರುವ ಅನೇಕರು ಹೌದೆಂದೇ ಉತ್ತರಿಸುತ್ತಾರೆ. ಎರಡು ಆಯ್ಕೆ ಹೇಳಿದರೆ ಕೊನೆಯಲ್ಲಿ ಕೇಳಿದ್ದನ್ನೇ ಮರಳಿ ಹೇಳುವುದೂ ಉಂಟು. ಎದುರಿಗಿರುವವರನ್ನು ಮೆಚ್ಚಿಸಬೇಕೆಂದು ಜೀವನಪೂರ್ತಿ ಕಲಿತವರು ಹಾಗೆ ಮಾಡುವುದು ಸಹಜ. ಆದ್ದರಿಂದ ಬಾಯಿಮಾತಿನ ಒಪ್ಪಿಗೆಯನ್ನು ಅಷ್ಟಕ್ಕೇ ನಂಬುವಂತಿರಲಿಲ್ಲ.

ಹೀಗಾಗಿ ಫೋಟೊಗಳನ್ನು ಬಳಸಿದೆವು. ಕೊಟ್ಟಿಗೆ, ಹಾಲಿನ ಡೇರಿ, ಅಡಿಕೆ ಹರಡುವ ಅಂಗಳ, ಅಕ್ಕನ ಮನೆಯ ಪಡಸಾಲೆ, ಖಾಸಗಿ ಬಸ್ಸು, ಬಯಲಾಟದ ರಂಗಸ್ಥಳ, ವಸತಿ ಕೇಂದ್ರದ ಮಲಗುವ ಕೋಣೆ, ಅಲ್ಲಿಯ ಟಿವಿ ಹಾಲ್ ಹೀಗೆ ಒಂದೊಂದಕ್ಕೂ ಒಂದು ಫೋಟೊ. ಒಂದು ಹೊತ್ತಿಗೆ ಎರಡನ್ನು ಮಾತ್ರ ಜಗಲಿಯ ಮೇಲೆ ಇಟ್ಟು, ಬೇಕಾದದ್ದನ್ನು ಎತ್ತಿಕೊಳ್ಳಲು ಹೇಳುವುದು. ಅದೇ ಜೋಡಿಯನ್ನು ಇನ್ನೊಂದು ದಿನ ಎಡಬಲ ಬದಲಿಸಿ ಇಡುವುದು. ಎರಡನ್ನೂ ತಳ್ಳಿಬಿಡಲು ಅವಕಾಶವಿದೆ ಎಂದು ಮೊದಲೇ ಮಾಡಿ ತೋರಿಸುವುದು. ತಾಯಿ ಎದುರಿಗಿದ್ದರೆ ಅವರ ಮುಖ ನೋಡಿ ಆರಿಸುತ್ತಿದ್ದರಾದ್ದರಿಂದ, ಕೆಲವು ಸಲ ತಾಯಿಯನ್ನು ಒಳಗೆ ಕೂರಲು ಕೇಳಿಕೊಂಡೆವು. ಈ ಕ್ರಮದಲ್ಲಿ ಡೇರಿಯ ಫೋಟೊ ಯಾವುದರ ಜೊತೆಗೆ ಇಟ್ಟರೂ ಗೆದ್ದಿತು. ನಾವು ಯಾರೂ ನಿರೀಕ್ಷಿಸದ ಸಂಗತಿಯೆಂದರೆ, ವಸತಿ ಕೇಂದ್ರದ ಮಲಗುವ ಕೋಣೆಯನ್ನು ಪ್ರತಿಸಲವೂ ದೂರ ಸರಿಸಿದವರು ಅಲ್ಲಿಯ ಟಿವಿ ಹಾಲನ್ನು ಹತ್ತಿರ ಎಳೆದುಕೊಂಡು, ಚಿತ್ರದಲ್ಲಿದ್ದ ಇಬ್ಬರ ಮೇಲೆ ಬೆರಳಿಟ್ಟು ಅವರ ಹೆಸರು ಹೇಳಿದರು. ಅಲ್ಲಿ ಅವರಿಗೆ ಗೆಳೆಯರಿದ್ದರು. ಊರಿನಲ್ಲಿ ತಮ್ಮ ವಯಸ್ಸಿನ ಜೊತೆಗಾರರು ಅವರಿಗೆ ಯಾರೂ ಇರಲಿಲ್ಲ ಎಂಬುದು ಅಂದಿನವರೆಗೆ ಮನೆಯವರ ಗಮನಕ್ಕೆ ಬಂದಿರಲಿಲ್ಲ. ಕೇಂದ್ರ ಬೇಕೋ ಬೇಡವೋ ಎಂದಷ್ಟೇ ಕೇಳಿದ್ದರೆ ಈ ವಿಷಯ ಎಂದಿಗೂ ಹೊರಬರುತ್ತಿರಲಿಲ್ಲ.

ಡೇರಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಡೀ ಯೋಜನೆ ಅದರ ಸುತ್ತ ಕಟ್ಟಿಕೊಂಡಿತು. ತಂದೆಯ ಕಾಲದಿಂದಲೂ ಬೆಳಿಗ್ಗೆ ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುವುದು ಶ್ರೀಪಾದ ಅವರ ಕೆಲಸ. ಅವರು ಸಾಲಿನಲ್ಲಿ ನಿಲ್ಲುತ್ತಾರೆ, ಹಾಲು ಅಳೆದು ಮಾದರಿ ತೆಗೆಯುವವರೆಗೆ ಕಣ್ಣು ಕೀಳುವುದಿಲ್ಲ. ಅಂಕಿ ಓದಲು ಬರದಿದ್ದರೂ ತಮ್ಮ ಪುಸ್ತಕದಲ್ಲಿ ಲೀಟರಿನ ಲೆಕ್ಕ ಬರೆದದ್ದನ್ನು ನೋಡಿಕೊಂಡೇ ಹೊರಡುತ್ತಾರೆ. ಬರೆಯುವುದು ಮರೆತರೆ ಪುಸ್ತಕವನ್ನು ಮತ್ತೆ ಮುಂದಕ್ಕೆ ಚಾಚುತ್ತಾರೆ. "ಶ್ರೀಪಾದಣ್ಣ ಇವತ್ತು ತಡ" ಎಂದು ಯಾರಾದರೂ ಅಂದರೆ ಅದಕ್ಕೊಂದು ನಗು. ಅಷ್ಟು ಜನ ಅವರನ್ನು ದಿನವೂ ಹೆಸರು ಹಿಡಿದು ಮಾತಾಡಿಸುವ ಜಾಗ ಬೇರೊಂದಿಲ್ಲ. "ಅವ್ನಿಗೆ ಡೇರಿ ಅಂದ್ರೆ ಪ್ರಾಣ. ಅದೊಂದು ತಪ್ಪಿದ್ರೆ ದಿನವಿಡೀ ಮಂಕಾಗಿ ಕೂತ್ಕತ್ತಾನೆ" ಎಂದು ತಾಯಿ ಹೇಳಿದ್ದರು. ಆದರೆ ತಾಯಿ ಬಿದ್ದ ಮೇಲೆ ಆ ಕೆಲಸವನ್ನು ನಿಲ್ಲಿಸಿದ್ದೂ ಮನೆಯವರೇ. ದಾರಿಯಲ್ಲಿ ಹಳ್ಳವಿದೆ, ಅದರ ಮೇಲೆ ಕಾಲುಸಂಕವಿದೆ, ಜಾರಿದರೆ ಹಿಡಿಯುವವರಿಲ್ಲ ಎಂಬುದು ಕಾರಣ.

ಕೂಟ ಮತ್ತು ಯೋಜನೆ

ಯೋಜನೆಯ ಸಭೆಗೆ ಯಾರು ಬರಬೇಕೆಂಬುದನ್ನೂ ಫೋಟೊಗಳ ಮೂಲಕ ಅವರೇ ಆರಿಸಿದರು. ತಾಯಿ, ಅಕ್ಕ, ಚಿಕ್ಕಪ್ಪನ ಮಗ ಮತ್ತು ಅವರ ಹೆಂಡತಿ, ಡೇರಿಯ ಕಾರ್ಯದರ್ಶಿ ಇದ್ದರು. ಇವರೊಡನೆ, ವಯಸ್ಸಾಗಿ ಮರ ಹತ್ತುವುದು ಬಿಟ್ಟಿದ್ದ ಒಬ್ಬ ಕೊನೆಗಾರರನ್ನೂ (ಅಡಿಕೆ ಗೊನೆ ಕೊಯ್ಯುವವರು) ಅವರು ಆರಿಸಿದರು. ಕೊನೆ ಕೊಯ್ಲಿನ ದಿನಗಳಲ್ಲಿ ಶ್ರೀಪಾದ ಅವರು ಬುಡದಲ್ಲಿ ನಿಂತು ಉದುರಿದ ಅಡಿಕೆ ಹೆಕ್ಕುತ್ತಿದ್ದುದರಿಂದ ಬೆಳೆದ ಸಲುಗೆ ಅದು. ಅಣ್ಣನ ಫೋಟೊವನ್ನು ಅವರು ಕೊನೆಯಲ್ಲಿ ಎತ್ತಿಕೊಂಡರು, ಆದರೆ ಎತ್ತಿಕೊಂಡರು. ಅಣ್ಣ ವಿಡಿಯೊ ಕರೆಯಲ್ಲಿ ಸೇರಿದರು. ಪುನರ್ವಸತಿ ಕಾರ್ಯಕರ್ತೆ ಪಂಚಾಯಿತಿಯ ಕಡೆಯಿಂದ ಬಂದರು. ಸಭೆ ಮನೆಯ ಜಗಲಿಯಲ್ಲೇ ನಡೆಯಿತು. ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಅಕ್ಷರಕ್ಕಿಂತ ಚಿತ್ರಗಳೇ ಹೆಚ್ಚಿದ್ದವು. ಶ್ರೀಪಾದ ಅವರು ಎದ್ದುಹೋದಾಗಲೆಲ್ಲ ಮಾತು ನಿಲ್ಲಿಸುವುದು, ಅವರು ಬಂದು ಕೂತ ಮೇಲೆ ಮುಂದುವರಿಸುವುದು ಎಂಬ ನಿಯಮ ಹಾಕಿಕೊಂಡಿದ್ದೆವು. ಅದರಿಂದ ಸಭೆ ಬಹಳ ನಿಧಾನವಾಯಿತು, ಆದರೂ ಆ ನಿಯಮ ಸಡಿಲಿಸಲು ನಾನು ಒಪ್ಪಲಿಲ್ಲ.

ಸಭೆಯಲ್ಲಿ ಮೊದಲು ತೀರ್ಮಾನವಾದದ್ದು ಡೇರಿಯ ದಾರಿ. ಕಾಲುಸಂಕದ ಪಕ್ಕದ ಕಲ್ಲುಕಂಬಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿಯುವುದು, ಪಟ್ಟಿ ನೀರಿನಲ್ಲಿ ಮುಳುಗಿದ್ದರೆ ಸಂಕ ದಾಟದೆ ಹಿಂದಿರುಗುವುದು, ಅಂಥ ದಿನ ಚಿಕ್ಕಪ್ಪನ ಮಗನ ಬೈಕಿನಲ್ಲಿ ರಸ್ತೆ ಬಳಸಿ ಹೋಗುವುದು. ಈ ಸಲಹೆ ಕೊಟ್ಟವರು ಆ ಕೊನೆಗಾರರು. ಮಳೆಗಾಲಕ್ಕೆ ಮುಂಚಿನಿಂದಲೇ ಅವರೇ ಜೊತೆಗೆ ನಡೆದು, ಪ್ರತಿದಿನ ಕಂಬದ ಬಳಿ ನಿಂತು ಪಟ್ಟಿ ಕಾಣುತ್ತದೆಯೇ ಎಂದು ಕೇಳಿ ಅಭ್ಯಾಸ ಮಾಡಿಸಿದರು. ಅಪಾಯ ಪೂರ್ತಿ ಹೋಗಲಿಲ್ಲ. ಮಲೆನಾಡಿನಲ್ಲಿ ಹಳ್ಳ ದಾಟುವ ಯಾರಿಗೂ ಅದು ಪೂರ್ತಿ ಹೋಗುವುದಿಲ್ಲ. ಉಳಿದವರೆಲ್ಲ ಹೊರುವ ಅಷ್ಟು ಅಪಾಯವನ್ನು ಇವರಿಗೆ ಮಾತ್ರ ನಿರಾಕರಿಸಿ, ಅದರ ಬೆಲೆಯಾಗಿ ಇಡೀ ದಿನದ ಜೀವಂತಿಕೆಯನ್ನು ಕಿತ್ತುಕೊಳ್ಳುವುದು ನ್ಯಾಯವೇ ಎಂಬುದು ಸಭೆಯ ಮುಂದಿದ್ದ ಪ್ರಶ್ನೆ. ತಾಯಿ ಬಹಳ ಹೊತ್ತು ಯೋಚಿಸಿ ಒಪ್ಪಿದರು.

ಥೈರಾಯ್ಡ್ ಮಾತ್ರೆಯ ವಿಷಯದಲ್ಲಿ ಅವರಿಗೆ ಮುಖ್ಯವೆನಿಸುವುದೂ ಅವರ ಆರೋಗ್ಯಕ್ಕೆ ಬೇಕಾದದ್ದೂ ನೇರವಾಗಿ ಡಿಕ್ಕಿ ಹೊಡೆದವು. ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಾಲ ಕಾಫಿಯನ್ನೂ ತಿಂಡಿಯನ್ನೂ ತಡೆಯಬೇಕು. ಶ್ರೀಪಾದ ಅವರಿಗೆ ಎದ್ದ ತಕ್ಷಣ ಕಾಫಿ ಬೇಕು, ತಡವಾದರೆ ಸಿಟ್ಟು. ಕಾಫಿ ಕಸಿದುಕೊಂಡರೆ ಮಾತ್ರೆಯನ್ನೇ ಉಗುಳುತ್ತಿದ್ದರು. ಎದ್ದೊಡನೆ ಮಾತ್ರೆ, ಅಲ್ಲಿಂದ ನೇರ ಕೊಟ್ಟಿಗೆಗೆ ಹೋಗಿ ಹುಲ್ಲು ಹಾಕಿ ಸಗಣಿ ಬಾಚುವುದು, ಹಾಲು ಕರೆದಾದ ಮೇಲೆ ಹೊಸ ಹಾಲಿನ ಕಾಫಿ ಎಂದು ಚಿಕ್ಕಪ್ಪನ ಮಗನ ಹೆಂಡತಿ ಸರಣಿ ಬದಲಿಸಿದರು. ಚಿಕ್ಕ ಸಂಗತಿಯಂತೆ ಕಾಣುವ ಇಂಥ ಹೊಂದಾಣಿಕೆಗಳೇ ಯೋಜನೆಯ ನಿಜವಾದ ಮೈ ಎಂದು ನಾನು ತಿಳಿದಿದ್ದೇನೆ. ದೊಡ್ಡ ಮಾತುಗಳಿಂದ ತುಂಬಿದ ಎಷ್ಟೋ ಯೋಜನೆಗಳು ಬೆಳಗಿನ ಕಾಫಿಯ ಹೊತ್ತನ್ನು ಕೇಳದೇ ಬಿದ್ದುಹೋಗಿವೆ.

ಬೇಸಿಗೆಗೆ ಬೇರೊಂದು ಎಚ್ಚರ ಬೇಕಿತ್ತು. ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡು) ದರಗು, ಅಂದರೆ ಒಣಗಿದ ಎಲೆ, ತರುವ ಕೆಲಸಕ್ಕೆ ಇವರೂ ಹೋಗುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಎಂಬ ವೈರಸ್ ಜ್ವರ ಉಣುಗುಗಳಿಂದ ಹರಡುವುದು ಹೆಚ್ಚಾಗಿ ಅದೇ ತಿಂಗಳುಗಳಲ್ಲಿ. ಮೈಕೈ ನೋವನ್ನೋ ತಲೆನೋವನ್ನೋ ಇವರು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಬೆಟ್ಟಕ್ಕೆ ಹೊರಡುವ ಮುನ್ನ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚುವುದು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿಸಿ ಬಟ್ಟೆ ಬದಲಿಸುವುದು, ಊಟ ಬಿಟ್ಟರೆ ಆ ದಿನವೇ ಜ್ವರ ನೋಡುವುದು ಎಂದು ಬರೆದುಕೊಂಡೆವು.

ವಯಸ್ಸಿನ ವಿಷಯವನ್ನೂ ಮುಚ್ಚಿಡಲಿಲ್ಲ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ವರ್ಣತಂತುವಿನ ಮೂರು ಪ್ರತಿಗಳಿರುತ್ತವೆ. ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆಗೆ ಸಂಬಂಧಿಸಿದ ಜೀನ್ ಇರುವುದು ಅದರಲ್ಲೇ. ಹೀಗಾಗಿ ನಲವತ್ತರ ಹೊತ್ತಿಗೆ ಅಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ಬಗೆಯ ಬದಲಾವಣೆಗಳು ಮಿದುಳಿನಲ್ಲಿ ಕಾಣತೊಡಗುತ್ತವೆ, ಲಕ್ಷಣಗಳು ಅನೇಕರಲ್ಲಿ ಐವತ್ತರ ಆಸುಪಾಸಿನಲ್ಲಿ ತೋರುತ್ತವೆ. ಈಗ ಏನೇನು ಮಾಡಬಲ್ಲರು ಎಂಬುದನ್ನು ದಾಖಲಿಸಿಟ್ಟರೆ ಮಾತ್ರ ಮುಂದೆ ಏನು ಕುಂದಿತು ಎಂದು ಹೇಳಲಾಗುತ್ತದೆ. ಬಟ್ಟೆ ತೊಡುವುದು, ಹಾಲು ಸುರಿಯುವುದು, ಡೇರಿಯ ದಾರಿ ನಡೆಯುವುದು, ಮನೆಯವರ ಹೆಸರು ಹೇಳುವುದು ಇವನ್ನೆಲ್ಲ ಅಕ್ಕ ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟರು. ವರ್ಷಕ್ಕೊಮ್ಮೆ ಅದೇ ಕೆಲಸಗಳನ್ನು ಮತ್ತೆ ಚಿತ್ರೀಕರಿಸುವ ಹೊಣೆಯೂ ಅವರದೇ.

ಹಕ್ಕು, ಆಸ್ತಿ, ಪಾಲಕತ್ವ

ಅಣ್ಣ ಸಭೆಗೆ ತಂದ ಗಟ್ಟಿಯಾದ ಬೇಡಿಕೆ ಪಾಲಕತ್ವದ್ದು. ಬ್ಯಾಂಕಿನ ಕೆಲಸ, ತೋಟದ ಪಾಲು, ಆಸ್ಪತ್ರೆಯ ಸಹಿ ಎಲ್ಲಕ್ಕೂ ತಾವು ಕಾನೂನುಬದ್ಧ ಪಾಲಕರಾಗಬೇಕೆಂದು ಅವರು ಬಯಸಿದ್ದರು. ಬೌದ್ಧಿಕ ವಿಕಲತೆ ಮೊದಲಾದವು ಇರುವವರ ಹಿತಕ್ಕಾಗಿ ಬಂದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಆದರೆ ಆ ಕಾಯ್ದೆಯ 14ನೇ ಕಲಮು, ಈ ವ್ಯಕ್ತಿಗೆ ಪಾಲಕರು ಬೇಕೇ, ಬೇಕಾದರೆ ಯಾವ ಉದ್ದೇಶಗಳಿಗೆ ಎಂಬ ಎರಡನ್ನೂ ಪರಿಶೀಲಿಸಬೇಕೆನ್ನುತ್ತದೆ. ನೇಮಕವಾದ ಪಾಲಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು. ಭಾರತ 2007ರಲ್ಲಿ ಅನುಮೋದಿಸಿದ, ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಸರಿಸಿ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಇನ್ನೂ ಮುಂದೆ ಹೋಗಿ, ಎಲ್ಲರಂತೆ ಕಾನೂನುಬದ್ಧ ಸಾಮರ್ಥ್ಯ ವಿಕಲಚೇತನರಿಗೂ ಇದೆ ಎಂದು ಹೇಳುತ್ತದೆ. ಪಾಲಕರೂ ಆ ವ್ಯಕ್ತಿಯೂ ಕೂಡಿ ತೀರ್ಮಾನಿಸುವ ಸೀಮಿತ ಪಾಲಕತ್ವದ ಕಲ್ಪನೆಯೂ ಅದರಲ್ಲಿದೆ. ಇಂಥ ಕಡೆಯೇ ವಾಸಿಸಬೇಕೆಂದು ಯಾರನ್ನೂ ಕಟ್ಟುಪಾಡಿಗೆ ಒಳಪಡಿಸಬಾರದೆಂಬುದು ಅದೇ ಅಧಿನಿಯಮದ 5ನೇ ಕಲಮಿನಲ್ಲಿದೆ.

ಇವನ್ನು ವಿವರಿಸಿದಾಗ ಅಣ್ಣ ಬೇಸರಪಟ್ಟರು. "ನಾನೇನು ಅವನ ಆಸ್ತಿ ಹೊಡೀತೀನಾ?" ಎಂದರು. ಅಕ್ಕ ಹೇಳಿದ ಮಾತು ಸಭೆಯನ್ನು ಸರಿದಾರಿಗೆ ತಂದಿತು: "ಹಾಗಂತ ಯಾರೂ ಅಂದಿಲ್ಲ ಅಣ್ಣ. ಬ್ಯಾಂಕಿಗೆ ಬೇಕಾದ್ದು ಬ್ಯಾಂಕಿಗೆ ಮಾಡ್ಸೋಣ. ಅವ್ನು ಎಲ್ಲಿ ಮಲಗ್ಬೇಕು ಅನ್ನೋದಕ್ಕೂ ನಿನ್ನ ಸಹಿ ಯಾಕೆ ಬೇಕು?" ಕೊನೆಗೆ ಬ್ಯಾಂಕ್ ಮತ್ತು ತೋಟದ ವ್ಯವಹಾರಕ್ಕೆ ಸೀಮಿತವಾಗಿ, ಅಕ್ಕ ಮತ್ತು ಅಣ್ಣ ಇಬ್ಬರ ಹೆಸರಿನಲ್ಲಿ ಅರ್ಜಿ ಸಿದ್ಧಪಡಿಸುವುದೆಂದು ತೀರ್ಮಾನವಾಯಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 28ನೇ ಕಲಮಿನಂತೆ ಕಾಯಿಲೆ ಅಥವಾ ಅಂಗದೋಷದ ಕಾರಣಕ್ಕೆ ಯಾರೂ ಉತ್ತರಾಧಿಕಾರದಿಂದ ಹೊರಗುಳಿಯುವುದಿಲ್ಲ. ಹಾಗಾಗಿ ತೋಟದಲ್ಲಿ ಶ್ರೀಪಾದ ಅವರಿಗೆ ಪಾಲಿದೆ ಎಂಬುದನ್ನು ಎಲ್ಲರೂ ಒಪ್ಪಿ, ಆ ಪಾಲಿನ ಅಡಿಕೆ ಹಣದಿಂದ ಬೆಳಿಗ್ಗೆ ಸಂಜೆ ಬಂದುಹೋಗುವ ಒಬ್ಬ ಸಹಾಯಕಿಯ ಸಂಬಳ ಕೊಡುವುದೆಂದು ಬರೆದರು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಆಗಲೇ ಇತ್ತು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಲಾಯಿತು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆಗೆ ಮುಂಚಿತ ವೈದ್ಯಕೀಯ ಪರೀಕ್ಷೆ ಬೇಕಿಲ್ಲ.

ಈ ಕುಟುಂಬಕ್ಕೆ ತೋಟವಿತ್ತು, ಪಕ್ಕದ ಮನೆಯಲ್ಲಿ ಒಳ್ಳೆಯ ದಾಯಾದಿಯಿದ್ದರು ಎಂಬುದನ್ನು ಮರೆಯುವಂತಿಲ್ಲ. ಕೂಲಿಯ ಮೇಲೆ ನಿಂತ ಮನೆಯಲ್ಲಿ ಇದೇ ಯೋಜನೆ ಮಾಡಿದರೆ ಸಹಾಯಕಿಯ ಸಂಬಳ ಎಲ್ಲಿಂದ ಬರಬೇಕು? ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ಶೇಕಡಾ 5ರಷ್ಟು ಅನುದಾನ ತೆಗೆದಿಡಬೇಕೆಂಬ ನಿಯಮವಿದೆ. ಆ ಹಣ ಸಾಧನ ಸಲಕರಣೆಗಳ ಖರೀದಿಯಲ್ಲಿ ಮುಗಿಯದೆ, ಒಬ್ಬ ಮನುಷ್ಯನ ದಿನಕ್ಕೆ ಇನ್ನೊಬ್ಬ ಮನುಷ್ಯನ ಎರಡು ತಾಸು ಒದಗಿಸುವ ಕಡೆಗೂ ಹರಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಸತಿ ಕೇಂದ್ರಗಳನ್ನು ನಾನು ವಿರೋಧಿಸುವುದಿಲ್ಲ. ಯಾರೂ ಇಲ್ಲದವರಿಗೆ ಅವು ಬೇಕು. ಆದರೆ ಜಾಗವನ್ನು ಮೊದಲು ಗೊತ್ತುಮಾಡಿ ಆ ಜಾಗಕ್ಕೆ ಹೊಂದುವಂತೆ ಮನುಷ್ಯನನ್ನು ಕತ್ತರಿಸುವ ಕ್ರಮವನ್ನು ಒಪ್ಪಲಾರೆ.

"ಅಮ್ಮನ ಕಾಲ ಆದಮೇಲೆ" ಎಂಬ ಪ್ರಶ್ನೆಗೆ ಸಭೆ ಕೊಟ್ಟ ಉತ್ತರ ಮೂರು ಹಂತದ್ದು. ಮೊದಲ ಆಯ್ಕೆ ಇದೇ ಮನೆ, ಪಕ್ಕದ ಮನೆಯವರ ಕಣ್ಣಳತೆಯಲ್ಲಿ, ಸಹಾಯಕಿಯೊಂದಿಗೆ, ರಾತ್ರಿ ಮಲಗಲು ಒಬ್ಬರ ಜೊತೆ. ಅದು ಸಾಗದಿದ್ದರೆ ಅಕ್ಕನ ಮನೆ. ಅಕ್ಕನ ಮನೆ ಹೊಸದೆನಿಸಬಾರದೆಂದು ಈಗಿನಿಂದಲೇ ಆಗಾಗ ಕೆಲವು ದಿನ ಅಲ್ಲಿ ಉಳಿಯುವುದು. ಮೂರನೆಯದು ವಸತಿ ಕೇಂದ್ರ. ಆ ಬಾಗಿಲನ್ನೂ ಮುಚ್ಚಲಿಲ್ಲ. ಅಲ್ಲಿಯ ಇಬ್ಬರು ಗೆಳೆಯರನ್ನು ಕಾಣಲು ಹಬ್ಬದ ಹೊತ್ತಿಗೆ ಹೋಗಿ ಸಂಜೆಗೆ ಹಿಂದಿರುಗುವುದೆಂದು ಯೋಜನೆಯಲ್ಲಿ ಸೇರಿಸಿದೆವು.

ವರ್ಷದ ನಂತರ

ಡೇರಿಯ ನಡಿಗೆ ಮತ್ತೆ ನಡೆಯುತ್ತಿದೆ. ಮಳೆಗಾಲದಲ್ಲಿ ಪಟ್ಟಿ ಮುಳುಗಿದ ದಿನಗಳಲ್ಲಿ ಅವರು ಹಿಂದಿರುಗಿ ಬಂದಿದ್ದಾರೆ. ಒಮ್ಮೆ ನೀರು ಇಳಿದ ಮೇಲೂ ದಾಟಲು ಒಪ್ಪದೆ ಕಂಬದ ಬಳಿಯೇ ನಿಂತಿದ್ದರು, ಪಟ್ಟಿಗೆ ಕೆಸರು ಮೆತ್ತಿಕೊಂಡು ಬಣ್ಣ ಕಾಣುತ್ತಿರಲಿಲ್ಲ. ಈಗ ಪಟ್ಟಿಯನ್ನು ಒರೆಸಿ ನೋಡುವುದನ್ನೂ ಕಲಿತಿದ್ದಾರೆ. ಮಾತ್ರೆ ತಪ್ಪುತ್ತಿಲ್ಲ, ಮಾತು ಮೊದಲಿನಂತಾಗಿದೆ. ತಾಯಿ ಕೋಲು ಹಿಡಿದು ಓಡಾಡುತ್ತಾರೆ.

ಅಕ್ಕನ ಮನೆಯ ವಾಸ ಏರುಪೇರಾಗಿದೆ. ಮೊದಲ ಸಲ ಎರಡನೆಯ ದಿನವೇ ಡೇರಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತರು. ಬೀದಿಯ ಹಾಲಿನ ಬೂತಿಗೆ ಬೆಳಿಗ್ಗೆ ಅವರನ್ನೇ ಕಳಿಸತೊಡಗಿದ ಮೇಲೆ ಸ್ವಲ್ಪ ಹೊಂದಿಕೊಂಡರು. ಮೊದಲ ಸಹಾಯಕಿ ಬಿಟ್ಟುಹೋದರು. ಬದಲಿ ಸಿಗುವವರೆಗೆ ಭಾರವೆಲ್ಲ ಪಕ್ಕದ ಮನೆಯ ಹೆಂಗಸಿನ ಮೇಲೆ ಬಿತ್ತು, ಅವರು ಸುಸ್ತಾದದ್ದನ್ನು ಬಾಯಿಬಿಟ್ಟು ಹೇಳಿದರು. ಆ ಮಾತನ್ನು ಯೋಜನೆಯ ಹಾಳೆಯಲ್ಲಿ ಬರೆದೆವು, ಏಕೆಂದರೆ ಆರೈಕೆ ಮಾಡುವ ಹೆಂಗಸರ ದಣಿವು ಲೆಕ್ಕಕ್ಕೆ ಬಾರದ ಯೋಜನೆ ಬಾಳುವುದಿಲ್ಲ. ರಾತ್ರಿ ಬಯಲಾಟಕ್ಕೆ ಕರೆದೊಯ್ಯುವವರು ಇನ್ನೂ ಗೊತ್ತಾಗಿಲ್ಲ. ಪಾಲಕತ್ವದ ಅರ್ಜಿ ದಾಖಲೆಗಳ ಹಂತದಲ್ಲಿದೆ.

ಹೊಸ ತೊಡಕೊಂದು ಬಂದಿದೆ. ಚಿಕ್ಕಪ್ಪನ ಮಗ ಅಡಿಕೆ ಸುಲಿಯುವ ಯಂತ್ರ ತಂದಿದ್ದಾರೆ. ಸುಗ್ಗಿಯಲ್ಲಿ ಸಂಜೆಯಿಂದ ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಮಾತಾಡುತ್ತ ಸುಲಿಯುವ ಗುಂಪು ಇನ್ನು ಈ ಅಂಗಳದಲ್ಲಿ ಸೇರುವುದಿಲ್ಲ. ಆ ಗುಂಪಿನ ನಡುವೆ ಬುಟ್ಟಿ ಹೊತ್ತು ಓಡಾಡುವುದು ಶ್ರೀಪಾದ ಅವರಿಗೆ ಡೇರಿಯ ನಂತರದ ದೊಡ್ಡ ಸಂತೋಷವಾಗಿತ್ತು. ಯಂತ್ರ ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ, ಸುಲಿಯುವ ಆಳು ಸಿಗದಿರುವುದೂ ನಿಜ. ಬೇಯಿಸಿದ ಅಡಿಕೆಯನ್ನು ಚಪ್ಪರಕ್ಕೆ ಏರಿಸುವ, ಹರಡುವ, ಸಂಜೆ ಒಟ್ಟುಮಾಡುವ ಕೆಲಸಗಳಲ್ಲಿ ಯಾವುದನ್ನು ಜನರ ಜೊತೆ ಸೇರಿ ಮಾಡುವಂತೆ ಜೋಡಿಸಬಹುದು ಎಂಬುದು ಮುಂದಿನ ಸಭೆಯ ಮೊದಲ ವಿಷಯ. ಆ ಸಭೆ ಕರೆಯುವ ಹೊಣೆಯನ್ನು ನನ್ನಿಂದ ಅಕ್ಕ ವಹಿಸಿಕೊಂಡಿದ್ದಾರೆ. ದೀಪಾವಳಿ ಕಳೆದು ಕೊನೆ ಕೊಯ್ಲು ಜೋರಾಗುವ ಮುನ್ನ ಎಲ್ಲರೂ ಸೇರುವುದೆಂದು ಗೊತ್ತಾಗಿದೆ. ಸಭೆಗೆ ಕರೆಯಬೇಕಾದವರ ಫೋಟೊಗಳನ್ನು ಶ್ರೀಪಾದ ಅವರು ಆರಿಸಿಕೊಟ್ಟಿದ್ದಾರೆ. ಈ ಸಲ ಅವುಗಳಲ್ಲಿ ವಸತಿ ಕೇಂದ್ರದ ಒಬ್ಬ ಗೆಳೆಯನದೂ ಇರುವುದರಿಂದ, ಅವರನ್ನು ಕರೆತರಲು ಅನುಮತಿ ಕೋರಿ ಕೇಂದ್ರಕ್ಕೆ ಪತ್ರ ಬರೆಯಲಾಗಿದೆ.